ಕವಲಂದೆಯ ದಾರಿಯಲ್ಲಿ ಮೊಬೈಲ್ ಜಾಲ: ಕರ್ನಾಟಕ ಸರ್ಕಲ್‌ನ ಉನ್ನತೀಕರಣ ಮತ್ತು ಪುನರ್ರಚನೆಯ ಇತಿಹಾಸ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ದೊಡ್ಡಕವಲಂದೆಯೂ ಒಂದು. ಜನರ ಬಾಯಲ್ಲಿ ಇದು ಬರಿಯ ಕವಲಂದೆ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುಮಾರ್ಗದಲ್ಲಿ, ತಾಲ್ಲೂಕು ಕೇಂದ್ರಕ್ಕೂ ನೆರೆಯ ಜಿಲ್ಲಾ ಕೇಂದ್ರಕ್ಕೂ ನಡುವೆ ಇದರ ನಿಲ್ದಾಣವಿದೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದ ಮೇಲೆ ಕವಲಂದೆಯ ಸೀಮೆಯು ಮೈಸೂರು ಜಿಲ್ಲೆಯ ಅಂಚಿನ ಸೀಮೆಯಾಯಿತು. ಎರಡು ಪಟ್ಟಣಗಳ ನಡುವಿನ ಇಂತಹ ಊರುಗಳು ಸಂಪರ್ಕ ಸಾಧನಗಳ ಚರಿತ್ರೆಯಲ್ಲಿ ಹೆಸರಿನಿಂದ ಕಾಣಿಸಿಕೊಳ್ಳುವುದು ಅಪರೂಪ. ಆದರೆ ಯಾವುದೇ ಜಾಲವು ನಿಜವಾಗಿ ಎಲ್ಲಿಯವರೆಗೆ ತಲಪಿತು ಎಂಬುದನ್ನು ಅಳೆಯಲು ಇಂತಹ ಊರುಗಳೇ ಸರಿಯಾದ ಮಾನದಂಡ.

ಮೊಬೈಲ್ ದೂರವಾಣಿಯ ಇತಿಹಾಸವನ್ನು ಸಾಮಾನ್ಯವಾಗಿ ತಲೆಮಾರುಗಳ ಏಣಿಯಾಗಿ ಹೇಳಲಾಗುತ್ತದೆ: ಎರಡನೆಯ ತಲೆಮಾರಿನ ಮೇಲೆ ಮೂರನೆಯದು, ಅದರ ಮೇಲೆ ನಾಲ್ಕನೆಯದು, ಐದನೆಯದು. ಈ ನಿರೂಪಣೆಯಲ್ಲಿ ಪ್ರತಿಯೊಂದು ಉನ್ನತೀಕರಣವೂ ಕೇವಲ ಕೂಡಿಕೆ. ಕರ್ನಾಟಕ ಸರ್ಕಲ್‌ನ ಮೂರು ದಶಕಗಳ ಅನುಭವವನ್ನು ಕವಲಂದೆಯಂತಹ ಊರಿನ ನೆಲೆಯಿಂದ ಪರಿಶೀಲಿಸಿದಾಗ ಬೇರೊಂದು ಚಿತ್ರ ಮೂಡುತ್ತದೆ. ಪ್ರತಿ ಹೊಸ ತಲೆಮಾರು ನಗರದಿಂದ ಮತ್ತೆ ಮೊದಲಿನಿಂದ ಹೊರಟಿದೆ. ಗ್ರಾಮವು ಪ್ರತಿ ಸಲವೂ ಸಾಲಿನ ಕೊನೆಗೆ ಮರಳಿದೆ. ಅಷ್ಟರಲ್ಲಿ ಅದು ನೆಚ್ಚಿಕೊಂಡಿದ್ದ ಹಳೆಯ ಪದರವನ್ನು ತೆಗೆಯುವ ಯೋಜನೆಯೂ ಸಿದ್ಧವಾಗಿರುತ್ತದೆ. ಈ ಅಂತರವನ್ನು ನಿರ್ಧರಿಸಿದ್ದರಲ್ಲಿ ಯಂತ್ರಜ್ಞಾನಕ್ಕಿಂತ ಹೆಚ್ಚಿನ ಪಾತ್ರ ಪರವಾನಗಿ ಪತ್ರದ ಷರತ್ತುಗಳದ್ದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಹಳಿ ಮತ್ತು ತಂತಿ

ಮೊಬೈಲಿಗಿಂತ ಮುಂಚಿನ ಜಾಲಗಳೂ ಈ ಸೀಮೆಯನ್ನು ಇದೇ ಕ್ರಮದಲ್ಲಿ ತಲಪಿದವು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದುದು 1891ರಲ್ಲಿ. ಅಲ್ಲಿಂದ ಹಳಿಯು ಚಾಮರಾಜನಗರದವರೆಗೆ ಮುಂದುವರಿದುದು 1926ರಲ್ಲಿ. ದೇವಾಲಯವೂ ವ್ಯಾಪಾರವೂ ಇದ್ದ ಪಟ್ಟಣದ ಬಳಿ ಹಳಿಯು 35 ವರ್ಷ ನಿಂತಿತ್ತು. ಮುಂದಿನ ಪಟ್ಟಣವನ್ನು ಸೇರಿಸಬೇಕಾದಾಗ ನಡುವಿನ ಊರುಗಳಿಗೂ ನಿಲ್ದಾಣ ದೊರಕಿತು. ದಾರಿಯ ಮೇಲಿದ್ದ ಊರಿಗೆ ಲಾಭ, ದಾರಿಯಿಂದ ಒಳಗಿದ್ದ ಊರಿಗೆ ಕಾಯುವಿಕೆ ಎಂಬ ಈ ನಿಯಮವು ತಂತಿಯ ದೂರವಾಣಿಗೂ ಅನ್ವಯಿಸಿತು.

ಎಸ್‌ಟಿಡಿ ವ್ಯವಸ್ಥೆ ಬಂದಾಗ ದೂರವಾಣಿಯ ಭೂಗೋಳವು ಸಂಖ್ಯೆಗಳಲ್ಲಿ ದಾಖಲಾಯಿತು. ಮೈಸೂರು ನಗರಕ್ಕೆ 0821. ನಂಜನಗೂಡಿಗೆ 08221, ಚಾಮರಾಜನಗರಕ್ಕೆ 08226, ತಿರುಮಕೂಡಲು ನರಸೀಪುರಕ್ಕೆ 08227. ಈ ಐದಂಕಿಯ ಸಂಕೇತಗಳು ಸ್ಥೂಲವಾಗಿ ತಾಲ್ಲೂಕುಗಳನ್ನು ಹೋಲುವ 'ಅಲ್ಪದೂರ ಶುಲ್ಕ ಪ್ರದೇಶ'ಗಳ ಗುರುತುಗಳು. ಕರೆಯ ದರವನ್ನು ನಿರ್ಧರಿಸಲು ರೂಪಿಸಿದ ಈ ಘಟಕವೇ ಮುಂದೆ ಗ್ರಾಮೀಣ ಮೊಬೈಲ್ ಸೇವೆಯ ಹೊಣೆಯನ್ನು ಅಳೆಯುವ ಘಟಕವೂ ಆಯಿತು ಎಂಬುದು ಗಮನಾರ್ಹ.

ಕಿತ್ತೂರಿನ ಮಾದರಿ

ಗ್ರಾಮವನ್ನೇ ಆರಂಭಬಿಂದುವಾಗಿ ಇಟ್ಟುಕೊಂಡ ವಿನ್ಯಾಸವೊಂದು ಕರ್ನಾಟಕದ ನೆಲದಲ್ಲಿಯೇ ಪರೀಕ್ಷೆಗೊಳಗಾಗಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊದಲ ಬಾರಿಗೆ ಕಾರ್ಯಾರಂಭ ಮಾಡಿತು. ಆ ಕಾಲದ ವಿದೇಶಿ ಡಿಜಿಟಲ್ ವಿನಿಮಯ ಕೇಂದ್ರಗಳು ಹವಾನಿಯಂತ್ರಿತ ಕೊಠಡಿಯನ್ನೂ ದೊಡ್ಡ ಸಂಖ್ಯೆಯ ಚಂದಾದಾರರನ್ನೂ ನಿರೀಕ್ಷಿಸುತ್ತಿದ್ದವು. ಸಿ-ಡಾಟ್‌ನ ಯಂತ್ರವು ಸೆಖೆ ಮತ್ತು ಧೂಳನ್ನು ತಡೆದುಕೊಂಡು, ಹವಾನಿಯಂತ್ರಣವಿಲ್ಲದೆಯೇ ಸಣ್ಣ ಊರಿನ ಕೊಠಡಿಯಲ್ಲಿ ನಡೆಯುವಂತಹದು. ಹಳ್ಳಿಯ ಮಿತಿಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡುದರಿಂದಲೇ ಅದು ದೇಶದ ಸಾವಿರಾರು ಊರುಗಳಿಗೆ ಹರಡಲು ಸಾಧ್ಯವಾಯಿತು.

ಆದರೂ ಹಳ್ಳಿಗಳಿಗೆ ಕೊಟ್ಟ ಮಾತು ಸಕಾಲಕ್ಕೆ ಈಡೇರಲಿಲ್ಲ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು 1997ರೊಳಗೆ ಎಲ್ಲ ಹಳ್ಳಿಗಳನ್ನೂ ತಲಪುವ ಗುರಿ ಇಟ್ಟಿತ್ತು. 1999ರ ಹೊಸ ನೀತಿಯು ಅದೇ ಗುರಿಯನ್ನು 2002ಕ್ಕೆ ಮುಂದೂಡಿತು. ದೂರದ ಹಳ್ಳಿಗಳಿಗೆ ಅಳವಡಿಸಿದ್ದ ಬಹುಸಂಪರ್ಕ ಗ್ರಾಮೀಣ ರೇಡಿಯೋ ಸಾಧನಗಳು ಮೇಲಿಂದ ಮೇಲೆ ಕೆಡುತ್ತಿದ್ದುದರಿಂದ, ಅವುಗಳನ್ನು ಬದಲಿಸುವುದಕ್ಕೇ ಬಳಿಕ ಪ್ರತ್ಯೇಕ ಯೋಜನೆ ರೂಪಿಸಬೇಕಾಯಿತು. ಸಾಧನವನ್ನು ಇಡುವುದು ಒಂದು ಕೆಲಸ, ಅದನ್ನು ನಡೆಸಿಕೊಂಡು ಹೋಗುವುದು ಮತ್ತೊಂದು ಎಂಬ ಪಾಠವು ಅಲ್ಲಿಯೇ ದೊರಕಿತ್ತು.

ಪರವಾನಗಿಯ ಷರತ್ತು

1994ರ ನೀತಿಯ ಅನ್ವಯ ದೇಶವನ್ನು ಸರ್ಕಲ್‌ಗಳಾಗಿ ವಿಂಗಡಿಸಿ, ಪ್ರತಿ ಸರ್ಕಲ್‌ಗೆ ಇಬ್ಬರು ಖಾಸಗಿ ನಿರ್ವಾಹಕರಿಗೆ ಮೊಬೈಲ್ ಪರವಾನಗಿ ನೀಡಲಾಯಿತು. 'ಎ' ದರ್ಜೆಯ ಕರ್ನಾಟಕ ಸರ್ಕಲ್‌ನಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಸಂಸ್ಥೆಗಳು 1990ರ ದಶಕದ ಉತ್ತರಾರ್ಧದಲ್ಲಿ ಸೇವೆ ಆರಂಭಿಸಿದವು. ಜೆಟಿ ಮೊಬೈಲ್ಸ್ 1999ರಲ್ಲಿ ಭಾರ್ತಿ ಸಮೂಹದ ವಶವಾಗಿ ಏರ್‌ಟೆಲ್ ಹೆಸರಿನಡಿ ಬಂದಿತು. ನಿಗದಿತ ಪರವಾನಗಿ ಶುಲ್ಕದ ಭಾರ ವಿಪರೀತವಾಗಿದ್ದ ಆ ಕಾಲದಲ್ಲಿ ಕರೆಯ ದರ ನಿಮಿಷಕ್ಕೆ 16 ರೂಪಾಯಿಗಳವರೆಗೂ ಇತ್ತು. ಬಂದ ಕರೆಗೂ ಹಣ ತೆರಬೇಕಾಗಿತ್ತು. ಇಂತಹ ದರದಲ್ಲಿ ಜಾಲವು ನಗರವನ್ನು ಬಿಟ್ಟು ಹೊರಡಲು ಆರ್ಥಿಕ ಕಾರಣವೇ ಇರಲಿಲ್ಲ. 1999ರ ಆಗಸ್ಟ್‌ನಿಂದ ನಿಗದಿತ ಶುಲ್ಕದ ಬದಲು ಆದಾಯ ಹಂಚಿಕೆಯ ಪದ್ಧತಿ ಜಾರಿಗೆ ಬಂದು ಈ ಭಾರ ಇಳಿಯಿತು.

ಆದರೆ ಹೊಣೆಯ ಪ್ರಶ್ನೆ ಹಾಗೆಯೇ ಉಳಿಯಿತು. 2001ರ ಸುಮಾರಿನ ಪರವಾನಗಿ ಷರತ್ತುಗಳ ಪ್ರಕಾರ ನಿರ್ವಾಹಕರು ಮೊದಲ ವರ್ಷದಲ್ಲಿ ಸರ್ಕಲ್‌ನ ಶೇ. 10ರಷ್ಟು ಜಿಲ್ಲಾ ಕೇಂದ್ರಗಳನ್ನೂ ಮೂರು ವರ್ಷಗಳೊಳಗೆ ಶೇ. 50ರಷ್ಟು ಜಿಲ್ಲಾ ಕೇಂದ್ರಗಳನ್ನೂ ತಲಪಬೇಕಾಗಿತ್ತು. ಜಿಲ್ಲಾ ಕೇಂದ್ರದ ಬದಲು ಅದೇ ಜಿಲ್ಲೆಯ ಬೇರೊಂದು ಪಟ್ಟಣವನ್ನು ಆರಿಸಿಕೊಳ್ಳಬಹುದಾಗಿತ್ತು. 'ತಲಪುವುದು' ಎಂದರೆ ಪುರಸಭೆಯ ಮೇರೆಯೊಳಗಿನ ಶೇ. 90ರಷ್ಟು ಪ್ರದೇಶಕ್ಕೆ ಸಂಕೇತ ಒದಗಿಸುವುದು. ಗ್ರಾಮೀಣ ಪ್ರದೇಶವನ್ನು ಕಡ್ಡಾಯವಾಗಿ ತಲಪಬೇಕಾದ ಅಗತ್ಯವಿಲ್ಲ, ಮುಂದಿನ ವಿಸ್ತರಣೆ ನಿರ್ವಾಹಕರ ವ್ಯಾವಹಾರಿಕ ನಿರ್ಧಾರಕ್ಕೆ ಬಿಟ್ಟದ್ದು ಎಂಬುದೂ ಷರತ್ತಿನಲ್ಲಿಯೇ ಸ್ಪಷ್ಟವಾಗಿತ್ತು.

ಆಗ ಕರ್ನಾಟಕದಲ್ಲಿ 27 ಜಿಲ್ಲೆಗಳಿದ್ದವು. 14 ಪಟ್ಟಣಗಳ ಮೇರೆಯೊಳಗೆ ಸೇವೆ ನೀಡಿದ ನಿರ್ವಾಹಕನು ಇಡೀ ರಾಜ್ಯದ ಮಟ್ಟಿಗೆ ತನ್ನ ಹೊಣೆಯನ್ನು ಪೂರೈಸಿದಂತೆಯೇ ಸರಿ. ಈ ಲೆಕ್ಕದಲ್ಲಿ ಮೈಸೂರು ಬರಬಹುದು, ಚಾಮರಾಜನಗರ ಬರಬಹುದು, ನಂಜನಗೂಡೂ ಪರ್ಯಾಯವಾಗಿ ಬರಬಹುದು. ಪುರಸಭೆಯೇ ಇಲ್ಲದ ಕವಲಂದೆ ಯಾವ ಎಣಿಕೆಯಲ್ಲಿಯೂ ಬರುವಂತಿರಲಿಲ್ಲ. 2003ರ ಆರಂಭದ ಹೊತ್ತಿಗೆ ದೇಶದ ನಗರ ಪ್ರದೇಶಗಳಲ್ಲಿ ನೂರು ಜನರಿಗೆ ಸುಮಾರು 14 ದೂರವಾಣಿಗಳಿದ್ದರೆ ಗ್ರಾಮೀಣ ಪ್ರದೇಶಗಳಲ್ಲಿ ಸುಮಾರು ಒಂದೂವರೆ ಮಾತ್ರ ಇದ್ದುದಕ್ಕೆ ಈ ಷರತ್ತುಗಳ ಸ್ವರೂಪವೂ ಒಂದು ಕಾರಣ.

ತರಂಗದ ದೂರ

ಮೊಬೈಲ್ ಜಾಲವು ನೆಲವನ್ನು ಸಣ್ಣ ಸಣ್ಣ ಕೋಶಗಳಾಗಿ ಭಾಗಿಸುತ್ತದೆ. ಪ್ರತಿ ಕೋಶಕ್ಕೂ ಒಂದು ಗೋಪುರದ ಆಧಾರ. ನಗರದಲ್ಲಿ ಜನ ಹೆಚ್ಚಾದಂತೆ ಕೋಶವನ್ನು ಒಡೆದು ಚಿಕ್ಕದು ಮಾಡಬೇಕು. ಗ್ರಾಮದಲ್ಲಿ ಜನ ಚದುರಿರುವುದರಿಂದ ಕೋಶವನ್ನು ಸಾಧ್ಯವಾದಷ್ಟು ಹಿಗ್ಗಿಸಬೇಕು. ಹಿಗ್ಗುವ ಮಿತಿಯನ್ನು ಗೋಪುರದ ಎತ್ತರ ಮತ್ತು ನೆಲದ ಏರಿಳಿತಗಳ ಜೊತೆಗೆ ತರಂಗಾಂತರವೂ ನಿರ್ಧರಿಸುತ್ತದೆ. 900 ಮೆಗಾಹರ್ಟ್ಸ್‌ನ ಸಂಕೇತವು 1800 ಮೆಗಾಹರ್ಟ್ಸ್‌ನದಕ್ಕಿಂತ ದೂರ ಸಾಗುತ್ತದೆ, ಗೋಡೆಯನ್ನು ಸುಲಭವಾಗಿ ಹಾಯುತ್ತದೆ. 2300 ಮೆಗಾಹರ್ಟ್ಸ್‌ನದು ಇನ್ನೂ ಹತ್ತಿರದಲ್ಲೇ ಕ್ಷೀಣಿಸುತ್ತದೆ. ಆದ್ದರಿಂದ ತರಂಗಾಂತರದ ಹಂಚಿಕೆಯು ಪರೋಕ್ಷವಾಗಿ ಹಳ್ಳಿಗಳ ಹಂಚಿಕೆಯೂ ಹೌದು.

ಮೊದಲ ಇಬ್ಬರು ಖಾಸಗಿ ನಿರ್ವಾಹಕರಿಗೂ ಮೂರನೆಯವರಾಗಿ ಬಂದ ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್‌ಗೂ 900ರ ಪಟ್ಟಿ ದೊರಕಿತ್ತು. 2001ರ ನಾಲ್ಕನೆಯ ಪರವಾನಗಿಯ ಮೂಲಕ ಪ್ರವೇಶಿಸಿದ ಹಚ್ ಸಂಸ್ಥೆಯ ಪಾಲಿಗೆ ಬಂದುದು 1800ರ ಪಟ್ಟಿ. 2000ದ ಅಕ್ಟೋಬರ್ 1ರಂದು ರಚನೆಯಾದ ಬಿಎಸ್‌ಎನ್‌ಎಲ್ ತನ್ನ ಸೆಲ್‌ಒನ್ ಸೇವೆಯನ್ನು 2002ರ ಅಕ್ಟೋಬರ್ 19ರಂದು ಆರಂಭಿಸಿತು. ಹೋಬಳಿ ಮಟ್ಟದವರೆಗಿನ ವಿನಿಮಯ ಕೇಂದ್ರಗಳು, ಅವುಗಳ ನಿವೇಶನ, ವಿದ್ಯುತ್ ಸಂಪರ್ಕ ಮತ್ತು ಕೇಬಲ್ ಮಾರ್ಗಗಳು ಅದಕ್ಕೆ ಪಿತ್ರಾರ್ಜಿತವಾಗಿ ಬಂದಿದ್ದವು. ವಿನಿಮಯ ಕೇಂದ್ರದ ಆವರಣದಲ್ಲಿಯೇ ಗೋಪುರ ನಿಲ್ಲಿಸುವುದು ಸಾಮಾನ್ಯ ಕ್ರಮವಾಯಿತು. ಕಿತ್ತೂರಿನಿಂದ ಆರಂಭವಾದ ಗ್ರಾಮೀಣ ವಿನಿಮಯ ಕೇಂದ್ರಗಳ ಸರಣಿಯು ಹೀಗೆ ಮೊಬೈಲ್ ಜಾಲಕ್ಕೂ ಅಡಿಪಾಯವಾಯಿತು. 2003ರ ಮೇ 1ರಿಂದ ಬಂದ ಕರೆಗೆ ಶುಲ್ಕವಿಲ್ಲದಂತಾದ ಮೇಲೆ ಕಡಿಮೆ ಆದಾಯದ ಮನೆಗೂ ಮೊಬೈಲ್ ಇಟ್ಟುಕೊಳ್ಳುವುದು ಸಾಧ್ಯವಾಯಿತು.

ಲಾಭವಿಲ್ಲದ ಕಡೆ ಗೋಪುರ ನಿಲ್ಲಿಸಲು ಸಾರ್ವತ್ರಿಕ ಸೇವಾ ಹೊಣೆಗಾರಿಕೆ ನಿಧಿಯು ನೆರವಾಗಬೇಕಿತ್ತು. ನಿರ್ವಾಹಕರ ಆದಾಯದ ಶೇ. 5ರಷ್ಟು ಲೆವಿಯಿಂದ ತುಂಬುವ ಈ ನಿಧಿಗೆ 2003ರ ತಿದ್ದುಪಡಿಯ ಮೂಲಕ ಶಾಸನದ ಬಲ ಬಂದಿತು. ಆದರೆ ಆರಂಭದಲ್ಲಿ ಅದನ್ನು ಮೊಬೈಲ್ ಸೇವೆಗೆ ಬಳಸಲು ಅವಕಾಶವಿರಲಿಲ್ಲ. 2006ರ ತಿದ್ದುಪಡಿಯ ಬಳಿಕ, 2007ರಲ್ಲಿ ದೇಶದಾದ್ಯಂತ 7,871 ಗೋಪುರಗಳ ಯೋಜನೆ ಸಿದ್ಧವಾಯಿತು. ಬಳಿಕ ಈ ಸಂಖ್ಯೆ 7,353ಕ್ಕೆ ಇಳಿಯಿತು. 2,000 ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ, ಸಂಕೇತವಿಲ್ಲದ ಹಳ್ಳಿಗಳ ಗುಂಪಿಗೆ ಒಂದು ಗೋಪುರ, ಅದರ ಮೇಲೆ ಮೂವರು ನಿರ್ವಾಹಕರು ಎಂಬುದು ಇದರ ಸೂತ್ರ. ಪರವಾನಗಿಯಲ್ಲಿ ಬಿಟ್ಟುಹೋದ ಹೊಣೆಯನ್ನು ಸಹಾಯಧನದಿಂದ ತುಂಬುವ ಪ್ರಯತ್ನವಿದು.

ವಿಲೀನದ ದಶಕ

2007ರಲ್ಲಿ ಹಚ್ ವೊಡಾಫೋನ್ ಆಯಿತು. 2008ರಲ್ಲಿ ಸ್ಪೈಸ್ ಸಂಸ್ಥೆಯನ್ನು ಐಡಿಯಾ ಕೊಂಡಿತು. ಅದೇ ವೇಳೆಗೆ ಭಾರ್ತಿ, ವೊಡಾಫೋನ್ ಮತ್ತು ಐಡಿಯಾ ಸಂಸ್ಥೆಗಳು ಸೇರಿ ಇಂಡಸ್ ಟವರ್ಸ್ ಸ್ಥಾಪಿಸಿದವು. ಗೋಪುರವು ಸೇವಾದಾತನ ಸ್ವಂತ ಆಸ್ತಿಯ ಸ್ಥಾನದಿಂದ ಬಾಡಿಗೆಯ ವಸ್ತುವಿನ ಸ್ಥಾನಕ್ಕೆ ಸರಿಯಿತು. ಈ ಪುನರ್ರಚನೆಯಿಂದ ಗ್ರಾಮೀಣ ಪ್ರದೇಶಕ್ಕೆ ಅನುಕೂಲವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಒಬ್ಬನಿಗೆ ನಷ್ಟವಾಗುವ ತಾಣವು ಮೂವರು ಬಾಡಿಗೆದಾರರಿದ್ದಾಗ ಕಟ್ಟುಬಡುತ್ತಿತ್ತು. ಅದರ ಮಗ್ಗುಲಿನ ಸತ್ಯವೆಂದರೆ, ಬಾಡಿಗೆದಾರರ ಸಂಖ್ಯೆ ಕುಸಿದಾಗ ಅದೇ ತಾಣ ಮತ್ತೆ ನಷ್ಟದ ತಾಣವಾಗುತ್ತಿತ್ತು.

ಆ ಕುಸಿತ ಬೇಗನೆ ಬಂದಿತು. ಒಂದು ಹಂತದಲ್ಲಿ ಕರ್ನಾಟಕದಲ್ಲಿ ಹತ್ತರ ಆಸುಪಾಸಿನಷ್ಟು ಪರವಾನಗಿದಾರರಿದ್ದರು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟು ದೇಶದ 122 ಪರವಾನಗಿಗಳನ್ನು ರದ್ದುಗೊಳಿಸಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಪ್ರವೇಶಿಸಿದ ಬಳಿಕ ದರಸಮರ ತೀವ್ರವಾಯಿತು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಯಲ್ಲಿ ತನ್ನ ಧ್ವನಿ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು. ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟ್ 31ರಂದು ಒಂದಾದವು. ಟಾಟಾ ಸಮೂಹದ ಗ್ರಾಹಕ ಮೊಬೈಲ್ ವ್ಯವಹಾರ 2019ರಲ್ಲಿ ಏರ್‌ಟೆಲ್‌ಗೆ ಸೇರಿತು. ಉಳಿದವರು ನಾಲ್ವರು. ವಿಲೀನದ ಆಡಳಿತ ಭಾಷೆಯಲ್ಲಿ ಒಂದೇ ಕಡೆ ಇರುವ ಎರಡು ತಾಣಗಳು 'ಅತಿಕ್ರಮಿಸುವ ತಾಣ'ಗಳು; ಅವುಗಳಲ್ಲೊಂದನ್ನು ಮುಚ್ಚುವುದು ಉಳಿತಾಯ. ಒಂದು ಗೋಪುರದ ವಿದ್ಯುತ್ ಹೋದಾಗ ಮತ್ತೊಂದರ ಸಂಕೇತ ಹಿಡಿಯುತ್ತಿದ್ದ ಊರಿನವನಿಗೆ ಅದೇ ಅತಿಕ್ರಮಣವು ಆಪತ್ಕಾಲದ ಆಸರೆಯಾಗಿತ್ತು.

ಹಳೆಯ ಪದರದ ಮುಕ್ತಾಯ

2010ರ ಬ್ರಾಡ್‌ಬ್ಯಾಂಡ್ ತರಂಗಾಂತರ ಹರಾಜಿನಲ್ಲಿ ಗ್ರಾಮೀಣ ಹೊಣೆ ಮೊದಲ ಬಾರಿಗೆ ಗಟ್ಟಿಯಾಗಿ ಕಾಣಿಸಿಕೊಂಡಿತು. ಐದು ವರ್ಷಗಳಲ್ಲಿ ಗ್ರಾಮೀಣ ಅಲ್ಪದೂರ ಶುಲ್ಕ ಪ್ರದೇಶಗಳ ಅರ್ಧದಷ್ಟನ್ನು ತಲಪಬೇಕೆಂಬುದು ಷರತ್ತು. 08221ರಂತಹ ತಾಲ್ಲೂಕು ಸಂಕೇತಗಳು ಎಣಿಕೆಗೆ ಬಂದುದು ಇಲ್ಲಿ. ಆದರೂ ಹೊಣೆಯ ಕೊನೆಯ ಘಟಕ ತಾಲ್ಲೂಕಾಗಿತ್ತೇ ಹೊರತು ಹೋಬಳಿಯಾಗಿರಲಿಲ್ಲ. ಈ ಹರಾಜಿನಲ್ಲಿ ಕರ್ನಾಟಕದ 2300 ಮೆಗಾಹರ್ಟ್ಸ್ ಪಟ್ಟಿ ಪಡೆದ ಏರ್‌ಟೆಲ್, 2012ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ 4ಜಿ ಸೇವೆ ಆರಂಭಿಸಿತು. ಅತ್ಯಂತ ಕಡಿಮೆ ದೂರ ಸಾಗುವ ಪಟ್ಟಿ, ಅತ್ಯಂತ ದೊಡ್ಡ ನಗರ: ಪಯಣವು ಮತ್ತೆ ಮೊದಲಿನಿಂದ ಆರಂಭವಾಗಿತ್ತು.

ಹೊಸ ತಲೆಮಾರಿಗೆ ಜಾಗ ಮಾಡಿಕೊಡಲು ಹಳೆಯ ತಲೆಮಾರಿನ ತರಂಗಾಂತರವನ್ನು ಮರುಬಳಕೆ ಮಾಡಬೇಕಾಗುತ್ತದೆ. ಏರ್‌ಟೆಲ್ 2019–20ರಲ್ಲಿ ತನ್ನ 3ಜಿ ಜಾಲವನ್ನು ಮುಚ್ಚಿ, 900ರ ಪಟ್ಟಿಯ ಆ ಭಾಗವನ್ನು 4ಜಿಗೆ ತಿರುಗಿಸಿತು. ದೂರ ಸಾಗುವ ಪಟ್ಟಿಯಲ್ಲಿ 4ಜಿ ಬಂದುದರಿಂದ ಗ್ರಾಮಗಳಿಗೆ ಒಳಿತೇ ಆಯಿತು. 3ಜಿ ಸಾಧನವನ್ನಷ್ಟೇ ಹೊಂದಿದ್ದವರು ಮಾತ್ರ ದತ್ತಾಂಶ ಸೇವೆಯಲ್ಲಿ ಒಂದು ತಲೆಮಾರು ಹಿಂದಕ್ಕೆ, 2ಜಿಗೆ ಜಾರಿದರು. ಸಾಂಕ್ರಾಮಿಕದ 2020ರಲ್ಲಿ ಪಾಠಗಳು ಮೊಬೈಲಿಗೆ ಬಂದಾಗ ಸಂಕೇತ ಹುಡುಕುತ್ತ ಗುಡ್ಡ ಏರಿದ ಮಲೆನಾಡಿನ ವಿದ್ಯಾರ್ಥಿಗಳ ಪಾಡು ರಾಜ್ಯದಾದ್ಯಂತ ಚರ್ಚೆಯಾಯಿತು. ಬಯಲು ಸೀಮೆಯ ಊರುಗಳಲ್ಲಿ ಗುಡ್ಡದ ಅಡ್ಡಿಯಿರಲಿಲ್ಲ. ಸಾಧನದ ಬೆಲೆಯೇ ಅಡ್ಡಿಯಾಗಿತ್ತು.

2ಜಿಯ ಪ್ರಶ್ನೆ ಇದಕ್ಕಿಂತ ಗಹನವಾದುದು. ಜಿಯೋ ಜಾಲದಲ್ಲಿ 2ಜಿ ಎಂಬುದೇ ಇಲ್ಲ. ಧ್ವನಿಯೂ 4ಜಿಯ ಮೇಲೆಯೇ ಸಾಗುತ್ತದೆ. ದೇಶದ ಮೊದಲ ಮೊಬೈಲ್ ಕರೆಗೆ 25 ವರ್ಷ ತುಂಬಿದ 2020ರ ಜುಲೈನಲ್ಲಿ ಆ ಸಂಸ್ಥೆಯ ಅಧ್ಯಕ್ಷ ಮುಖೇಶ್ ಅಂಬಾನಿ ಅವರು ದೇಶವು 2ಜಿಯಿಂದ ಮುಕ್ತವಾಗಬೇಕೆಂದು ಕರೆಯಿತ್ತರು. ಈ ವಾದದಲ್ಲಿ ತಿರುಳಿದೆ: ಎರಡು ಪದರಗಳನ್ನು ಒಟ್ಟಿಗೆ ನಡೆಸುವುದು ವೆಚ್ಚದಾಯಕ, ಹಳೆಯ ಪದರ ಹಿಡಿದಿಟ್ಟ ತರಂಗಾಂತರವು ಹೊಸ ಪದರದಲ್ಲಿ ಹಲವು ಪಟ್ಟು ಕೆಲಸ ಮಾಡಬಲ್ಲದು. ಆ ಸಂಸ್ಥೆಯು 2017ರಲ್ಲಿ ಮತ್ತು 2023ರಲ್ಲಿ ಗುಂಡಿಯ ಫೋನುಗಳನ್ನೇ 4ಜಿಗೆ ಹೊಂದಿಸಿ, ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದುದೂ ಉಂಟು.

ಆದರೆ ಹಳೆಯ ಪದರವನ್ನು ನೆಚ್ಚಿರುವುದು ಫೋನುಗಳು ಮಾತ್ರವಲ್ಲ. ಕೊಳವೆಬಾವಿಯ ನೀರನ್ನೇ ನಂಬಿದ ಹೊಲಗಳಲ್ಲಿ, ತ್ರೀಫೇಸ್ ವಿದ್ಯುತ್ ಅಪರಾತ್ರಿಯಲ್ಲಿ ಬಂದಾಗ ಮನೆಯಿಂದಲೇ ಪಂಪ್‌ಸೆಟ್ ಚಾಲೂ ಮಾಡಲು ರೈತರು ಬಳಸುವ ಮೊಬೈಲ್ ಸ್ಟಾರ್ಟರುಗಳಲ್ಲಿ ಹಲವು 2ಜಿ ಸಿಮ್‌ನಿಂದ ನಡೆಯುವಂತಹವು. ಅಂಗಡಿಗಳ ಕಾರ್ಡು ಯಂತ್ರಗಳಲ್ಲಿಯೂ ಇಂತಹವಿವೆ. ಜಾಲದ ಯೋಜಕನ ಲೆಕ್ಕದಲ್ಲಿ ಇವು ಅತ್ಯಲ್ಪ ಆದಾಯದ ಸಂಪರ್ಕಗಳು. ರೈತನ ಲೆಕ್ಕದಲ್ಲಿ ಆ ಸಂಪರ್ಕವೆಂದರೆ ಹಾವು ಹುಳುಗಳ ಭಯವಿರುವ ಇರುಳಿನಲ್ಲಿ ಹೊಲಕ್ಕೆ ಹೋಗುವುದು ತಪ್ಪುವ ಉಪಾಯ. ಹಳೆಯ ಪದರವನ್ನು ಯಾವಾಗ ಮುಚ್ಚಬೇಕೆಂಬುದು ನಿರ್ವಾಹಕರ ವ್ಯಾವಹಾರಿಕ ನಿರ್ಧಾರವೆಂದೇ ಪರಿಗಣಿತವಾಗಿದೆ. ಎಲ್ಲಿ ಜಾಲವನ್ನು ವಿಸ್ತರಿಸಬೇಕೆಂಬುದನ್ನು ಅವರಿಗೆ ಬಿಟ್ಟ 2001ರ ಷರತ್ತೇ, ಎಲ್ಲಿ ಹಿಂತೆಗೆಯಬೇಕೆಂಬ ರೂಪದಲ್ಲಿ ಮರಳಿ ಬಂದಂತಾಗಿದೆ.

ಬಿಎಸ್‌ಎನ್‌ಎಲ್: ತಡವಾದ ತಲೆಮಾರು

ಖಾಸಗಿ ನಿರ್ವಾಹಕರು 2012ರಿಂದ 4ಜಿ ನೀಡುತ್ತಿದ್ದಾಗ, ಹೋಬಳಿಗಳಲ್ಲಿ ಹೆಚ್ಚಿನ ನೆಲೆಗಳಿದ್ದ ಬಿಎಸ್‌ಎನ್‌ಎಲ್ ಆ ಸೇವೆಯನ್ನು ವ್ಯಾಪಕವಾಗಿ ನೀಡುವ ಸ್ಥಿತಿಯಲ್ಲಿರಲಿಲ್ಲ. 2019ರ ಅಕ್ಟೋಬರ್‌ನ ಪುನಶ್ಚೇತನ ಯೋಜನೆಯಲ್ಲಿ ಅದಕ್ಕೆ 4ಜಿ ತರಂಗಾಂತರ ನೀಡಲು ನಿರ್ಧರಿಸಲಾಯಿತು. ಅದೇ ಯೋಜನೆಯ ಸ್ವಯಂನಿವೃತ್ತಿಯ ಫಲವಾಗಿ 2020ರ ಜನವರಿ 31ರಂದು 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರನಡೆದರು. ಗ್ರಾಮೀಣ ವಿನಿಮಯ ಕೇಂದ್ರದ ತಂತಿ, ಬ್ಯಾಟರಿ ಮತ್ತು ಜನರೇಟರುಗಳನ್ನು ಬಲ್ಲ ಅನುಭವವೂ ಅವರೊಡನೆ ಹೊರಹೋಯಿತು. 2020ರಲ್ಲಿ ಕರೆದ 4ಜಿ ಟೆಂಡರು ಅದೇ ವರ್ಷ ರದ್ದಾಗಿ, ದೇಶೀಯ ಸಾಧನಗಳನ್ನೇ ಬಳಸಬೇಕೆಂಬ ತೀರ್ಮಾನದಿಂದ ಕಾಯುವಿಕೆ ಮತ್ತಷ್ಟು ದೀರ್ಘವಾಯಿತು.

2022ರ ಜುಲೈ 27ರಂದು ಕೇಂದ್ರ ಸಚಿವ ಸಂಪುಟವು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. 4ಜಿ ಇಲ್ಲದ 24,680 ಹಳ್ಳಿಗಳನ್ನು ತಲಪುವುದರ ಜೊತೆಗೆ, 2ಜಿ ಅಥವಾ 3ಜಿ ಮಾತ್ರ ಇರುವ 6,279 ಹಳ್ಳಿಗಳನ್ನು ಉನ್ನತೀಕರಿಸುವುದು ಇದರ ಗುರಿ. ಹಳ್ಳಿಯನ್ನೇ ಎಣಿಕೆಯ ಘಟಕವಾಗಿ ಇಟ್ಟುಕೊಂಡುದು ಈ ಯೋಜನೆಯ ವೈಶಿಷ್ಟ್ಯ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಮಂತ್ರಿಯವರು ಸುಮಾರು 37,000 ಕೋಟಿ ರೂಪಾಯಿ ವೆಚ್ಚದ 97,500ಕ್ಕೂ ಹೆಚ್ಚು ಗೋಪುರಗಳನ್ನು ಉದ್ಘಾಟಿಸಿದರು. ಜಾಲದ ಹೃದಯಭಾಗದ ತಂತ್ರಾಂಶ ಸಿ-ಡಾಟ್‌ನದು. ಗೋಪುರದ ರೇಡಿಯೋ ಸಾಧನಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯವು. ಇವೆಲ್ಲವನ್ನು ಜೋಡಿಸಿದ ಹೊಣೆ ಟಿಸಿಎಸ್‌ನದು. 1986ರಲ್ಲಿ ಕಿತ್ತೂರಿಗೆ ಯಂತ್ರ ಕೊಟ್ಟ ಸಂಸ್ಥೆಯು 39 ವರ್ಷಗಳ ಬಳಿಕ ಮತ್ತೆ ಗ್ರಾಮೀಣ ಜಾಲದ ಕೇಂದ್ರಕ್ಕೆ ಬಂದಿದೆ. ಅಷ್ಟರಲ್ಲಿ, 2022ರ ಅಕ್ಟೋಬರ್‌ನಲ್ಲಿ ದೇಶದ ಮಹಾನಗರಗಳಿಂದ 5ಜಿಯ ಪಯಣವೂ ಹೊರಟಾಗಿತ್ತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಒಂದು, ಹೊಣೆಯನ್ನು ಯಾವ ಘಟಕದಲ್ಲಿ ಎಣಿಸಲಾಯಿತೋ ಜಾಲವು ಅಲ್ಲಿಯವರೆಗೆ ಖಚಿತವಾಗಿ ಹೋಯಿತು: ಜಿಲ್ಲಾ ಕೇಂದ್ರ, ಬಳಿಕ ತಾಲ್ಲೂಕು, ಕೊನೆಗೆ ಹಳ್ಳಿ. ಈ ಮೂರು ಮೆಟ್ಟಿಲು ಇಳಿಯಲು ಎರಡು ದಶಕಗಳು ಹಿಡಿದವು. ಎರಡು, ಘಟಕದ ಆಚೆಗಿನ ವಿಸ್ತರಣೆಯನ್ನು ಮಾರುಕಟ್ಟೆಯೂ ಮಾಡಿತು. ಆದರೆ ಮಾರುಕಟ್ಟೆ ನೀಡಿದುದನ್ನು ಮಾರುಕಟ್ಟೆಯೇ ಹಿಂತೆಗೆಯಬಹುದೆಂಬುದನ್ನು 2012ರಿಂದ 2019ರವರೆಗಿನ ಘಟನೆಗಳು ತೋರಿಸಿಕೊಟ್ಟವು. ಮೂರು, ಹೊಸದನ್ನು ತರುವ ಹೊಣೆ ನಿಯಮಗಳಲ್ಲಿ ಕ್ರಮೇಣ ಸ್ಥಾನ ಪಡೆದಂತೆ, ಹಳೆಯದನ್ನು ಮುಚ್ಚುವಾಗಿನ ಹೊಣೆ ಸ್ಥಾನ ಪಡೆದಿಲ್ಲ.

1885ರ ಟೆಲಿಗ್ರಾಫ್ ಕಾಯಿದೆಯ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯಿದೆ ಬಂದಿದೆ. ಸಾರ್ವತ್ರಿಕ ಸೇವಾ ನಿಧಿಯು 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರು ಬದಲಿಸಿಕೊಂಡಿದೆ. ಒಂದು ಪದರವನ್ನು ತೆಗೆಯುವ ಮುನ್ನ ಅದೇ ನೆಲದಲ್ಲಿ, ಅದೇ ದೂರಕ್ಕೆ, ಅದೇ ಬೆಲೆಯ ಸಾಧನದಲ್ಲಿ ಹೊಸ ಪದರ ನಿಂತಿದೆಯೇ ಎಂದು ಹೋಬಳಿಯ ಮಟ್ಟದಲ್ಲಿ ಪರೀಕ್ಷಿಸುವ ನಿಯಮಕ್ಕೆ ಈ ಹೊಸ ಚೌಕಟ್ಟಿನಲ್ಲಿ ಎಡೆಯಿದೆ. ನಂಜನಗೂಡಿನಿಂದ ಹಳಿ ಮುಂದೆ ಸಾಗಲು 35 ವರ್ಷ ಬೇಕಾಯಿತು. ಹಾಗೆ ಹಾಕಿದ ಹಳಿಯನ್ನು ಮಾತ್ರ ಯಾರೂ ಕಿತ್ತುಕೊಂಡು ಹೋಗಲಿಲ್ಲ. ಕಣ್ಣಿಗೆ ಕಾಣದ ತರಂಗದ ದಾರಿಗೆ ಆ ಭರವಸೆ ಇನ್ನೂ ದೊರಕಬೇಕಾಗಿದೆ.